ಹಾಲು ಕರೆಯುವ ಹೊತ್ತಿಗೆ ಅರಳುವ ಹೂ

ಸೋಮವಾರ ಬೆಳಿಗ್ಗೆ ಡೆಲ್ಫಾ ಸ್ಮಶಾನಕ್ಕೆ ಹೋದದ್ದು ಒಂದು ಹೂ ಕಿತ್ತು ತರಲು, ಅಷ್ಟೆ. ಐದು ನಿಮಿಷದ ಕೆಲಸ. ಆ ಐದು ನಿಮಿಷದ ಕೆಲಸ ವಾರವಿಡೀ ನಿದ್ದೆ ಕೆಡಿಸುತ್ತದೆಂದು ಯಾರಾದರೂ ಹೇಳಿದ್ದರೆ ಅವಳು ನಕ್ಕುಬಿಡುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ನಿಂತು ದಿನಕ್ಕೆ ಇನ್ನೂರು ಮಕ್ಕಳಿಗೆ ಬಡಿಸಿದವಳು ಅವಳು. ಅಷ್ಟು ಸುಲಭಕ್ಕೆ ನಿದ್ದೆ ಕಳೆದುಕೊಳ್ಳುವ ಪೈಕಿ ಅಲ್ಲ.

ಹೂ ಬೇಕಾಗಿದ್ದದ್ದು ಕಲ್ಲು ಕೆತ್ತುವ ಆರ್ವೆಲ್‌ಗೆ ತೋರಿಸಲು. ಡೆಲ್ಫಾಳ ತಾಯಿ ಜೆಲ್ಲಾಗೆ ಈ ಚಳಿಗಾಲದಲ್ಲಿ ತೊಂಬತ್ತು ತುಂಬಿತ್ತು. ತುಂಬಿದ ಮರುದಿನವೇ ಮುದುಕಿ ಅಪ್ಪಣೆ ಹೊರಡಿಸಿದ್ದಳು. ತನ್ನ ಮೊದಲ ಮಗು ಐವಾಗೆ ಹೆಸರು ಕೆತ್ತಿದ ಕಲ್ಲು ಆಗಬೇಕು. ಕಲ್ಲಿನ ಮೇಲೆ ಅವಳ ಗೋರಿಯ ಹಳದಿ ಹೂವಿರಬೇಕು. ಮೇ ತಿಂಗಳಲ್ಲಿ ಊರವರೆಲ್ಲ ಗೋರಿಗಳಿಗೆ ಹೂವಿಡುವ ಭಾನುವಾರ ಇದೆಯಲ್ಲ, ಈ ಸಲದ ಆ ಭಾನುವಾರ ತಾನು ಅದನ್ನು ಕಣ್ಣಾರೆ ನೋಡಬೇಕು.

"ಮುಂದಿನ ವರ್ಷ ನೋಡೋಣ ಅನ್ನೋ ಮಾತು ಯಾರಾದ್ರೂ ಆಡಿದ್ರೆ ಕೋಲು ತಗೋತೀನಿ," ಎಂದಿದ್ದಳು. ಆ ಕೋಲು ಅವಳಿಗೆ ನಡೆಯಲು ಕೊಟ್ಟದ್ದು. ನಡೆಯಲು ಬಿಟ್ಟು ಮಿಕ್ಕೆಲ್ಲಕ್ಕೂ ಬಳಸುತ್ತಿದ್ದಳು.

ಐವಾ ಬದುಕಿದ್ದು ಒಂಬತ್ತು ದಿನ, ಎಪ್ಪತ್ತೊಂದು ವರ್ಷದ ಹಿಂದೆ, ಅಕ್ಟೋಬರ್ ತಿಂಗಳಲ್ಲಿ. ಹತ್ತೊಂಬತ್ತು ವರ್ಷದ ಬಾಣಂತಿ ಜೆಲ್ಲಾ ಆಗ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಗಂಡ ಹರ್ಷೆಲ್ ತಾನೇ ಪೆಟ್ಟಿಗೆ ಮಾಡಿ, ತಾನೇ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ, ತಾನೇ ಮಣ್ಣು ಮಾಡಿ ಬಂದಿದ್ದ. ಅವಳಿಗೆ ಎಚ್ಚರವಾದ ಮೇಲೆ ಅವನು ಹೇಳಿದ್ದು ಒಂದೇ ಮಾತು. "ತಲೆ ಹತ್ರ ಹೊಳೆ ಕಲ್ಲು ನಿಲ್ಲಿಸಿದೀನಿ, ಬಂಡೆಬಯಲಿನ ಹಳದಿ ಹೂವಿನ ಗಿಡ ನೆಟ್ಟಿದೀನಿ." ಮುಂದಿನ ಮೇ ತಿಂಗಳಲ್ಲಿ, ಹೂವಿಡುವ ಭಾನುವಾರ, ಅವಳು ಸ್ಮಶಾನದ ಮೂಲೆಯಲ್ಲಿ ಹೆಸರಿಲ್ಲದ ಕಲ್ಲುಗಳ ಸಾಲಿಗೆ ನಡೆದು ಹೋದಳು. ಒಂದು ಕಲ್ಲಿನ ಬುಡದಲ್ಲಿ ಹಳದಿ ಹೂ ಅರಳಿ ನಿಂತಿತ್ತು. ಅಲ್ಲೇ ಮಂಡಿಯೂರಿದಳು. ಅಂದಿನಿಂದ ಅದು ಐವಾಳ ಜಾಗ. ಎಪ್ಪತ್ತು ವರ್ಷ, ಒಂದು ವರ್ಷವೂ ತಪ್ಪದೆ, ಹಿತ್ತಲಿನ ಪಿಯೊನಿ ಹೂಗಳನ್ನು ಜಾಡಿಯಲ್ಲಿಟ್ಟು ಅಲ್ಲಿಗೆ ಒಯ್ದಿದ್ದಳು. ಡೆಲ್ಫಾ ಹುಟ್ಟಿದ ಮೇಲೆ ಅವಳನ್ನೂ ಕೈ ಹಿಡಿದು ಕರೆದೊಯ್ದಿದ್ದಳು. ಆ ಕಲ್ಲಿಗೆ ಡೆಲ್ಫಾ "ಅಕ್ಕ" ಎಂದೇ ಹೇಳುತ್ತಿದ್ದಳು, ಚಿಕ್ಕಂದಿನಲ್ಲಿ ಮಾತೂ ಆಡುತ್ತಿದ್ದಳು.

ಈ ಸೋಮವಾರ ಆ ಗಿಡದಿಂದ ಒಂದು ರೆಂಬೆ ಮುರಿದು ಒದ್ದೆ ಕಾಗದದಲ್ಲಿ ಸುತ್ತಿ ಆರ್ವೆಲ್‌ನ ಕಲ್ಲು ಕೆತ್ತುವ ಕೊಟ್ಟಿಗೆಗೆ ಒಯ್ದಳು. ಆರ್ವೆಲ್ ಸ್ಟಿಲಿಂಗ್ಸ್ ಅವಳ ಶಾಲೆಯ ಜೊತೆಗಾರ. ಈ ಓಜಾರ್ಕ್ ಗುಡ್ಡಗಳಲ್ಲಿ ಕಳೆದ ನಲವತ್ತು ವರ್ಷದಲ್ಲಿ ಸತ್ತವರಲ್ಲಿ ಅರ್ಧದಷ್ಟು ಮಂದಿಯ ಹೆಸರು ಅವನ ಉಳಿಯಿಂದಲೇ ಕಲ್ಲಿಗೆ ಇಳಿದದ್ದು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದರೆ, ಹದಿನೇಳರಲ್ಲಿ ಒಬ್ಬಳನ್ನು ಕುಣಿಯಲು ಕರೆದಿದ್ದೆ, ಕಾಲು ತುಳಿದೆನೆಂದು ಬೇರೆಯವನನ್ನು ಕಟ್ಟಿಕೊಂಡಳು ಎನ್ನುತ್ತಿದ್ದ. ಆ ಒಬ್ಬಳು ಡೆಲ್ಫಾ. ಆ ಬೇರೆಯವನು ತೀರಿಕೊಂಡು ಎಂಟು ವರ್ಷವಾಗಿತ್ತು.

ಆರ್ವೆಲ್ ಕಾಗದ ಬಿಚ್ಚಿ ಹೂವನ್ನು ನೋಡಿದ. ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ಮತ್ತೊಮ್ಮೆ ನೋಡಿದ.

"ಇದನ್ನ ಎಲ್ಲಿಂದ ತಂದೆ?"

"ಎಲ್ಲಿಂದ ಅಂದ್ರೆ? ಐವಾ ಗೋರಿ ಮೇಲಿಂದ."

"ನಿಮ್ಮಪ್ಪ ನೆಟ್ಟಿದ್ದು ಇದೇನಾ?"

"ಇನ್ಯಾರು ನೆಡ್ತಾರೆ, ಅಧ್ಯಕ್ಷರು ಬಂದು ನೆಡ್ತಾರಾ? ಬಂಡೆಬಯಲಿನ ಹಳದಿ ಹೂ ಅಂತ ಅಪ್ಪ ಬಾಯಾರೆ ಹೇಳಿದ್ದು."

ಆರ್ವೆಲ್ ತಲೆ ಕೆರೆದುಕೊಂಡ. "ಇದು ಬಂಡೆಬಯಲಿನ ಹೂ ಅಲ್ಲ ಕಣಮ್ಮ."

"ಹಳದಿ ಇಲ್ವಾ? ನಾಲ್ಕು ಎಸಳಿಲ್ವಾ?"

"ಹಳದಿನೂ ಹೌದು, ನಾಲ್ಕೆಸಳೂ ಹೌದು. ಎರಡೂ ಒಂದೇ ಕುಲದವು, ಅಣ್ಣತಮ್ಮಂದಿರ ಮಕ್ಕಳು ಅಂದ್ಕೋ. ಇದು ಹಗಲಿನದು. ಸೊಂಟ ನೆಟ್ಟಗಿಟ್ಕೊಂಡು ನಿಂತ್ಕೊಳ್ಳತ್ತೆ, ಹೂ ತುದೀಲಿ ಗುಂಪಾಗಿ ಬರತ್ತೆ, ಬಿಸಿಲಲ್ಲಿ ಅರಳತ್ತೆ. ಹುಲ್ಲುಗಾವಲಿನದು. ಬಂಡೆಬಯಲಿನದು ನಿಂತ್ಕೊಳ್ಳೋದೇ ಇಲ್ಲ, ಮಲಗಿರತ್ತೆ. ಹಗಲು ಹೊತ್ತಲ್ಲಿ ನೋಡೋಕೆ ಹೋದ್ರೆ ಬಾಡಿದ ಚಿಂದಿ ಕಾಣತ್ತೆ, ಅಷ್ಟೆ, ಅದು ಅರಳೋದು ಸಂಜೆ."

"ಅಪ್ಪ ತಪ್ಪಿ ಇದನ್ನ ತಂದಿರಬಹುದು."

"ಹರ್ಷೆಲ್ ಮಾಮ? ಬಂಡೆಬಯಲಿನ ಅಂಚಲ್ಲಿ ಹುಟ್ಟಿದ ಮನುಷ್ಯ. ಅವನ ಅಪ್ಪ ಅಲ್ಲಿ ಆಡು ಬಿಡ್ತಿದ್ದ. ಅವನು ತಪ್ತಾನಾ?" ಅಂದ ಆರ್ವೆಲ್, ತಾನು ಹೇಳಿದ್ದರ ಅರ್ಥ ತನಗೇ ಹೊಳೆದು ಬಾಯಿ ಮುಚ್ಚಿದ.

ಡೆಲ್ಫಾಗೂ ಹೊಳೆಯಿತು. ಅಪ್ಪ ತಪ್ಪಿಲ್ಲವೆಂದರೆ ಅಮ್ಮ ತಪ್ಪಿದ್ದಾಳೆ. ಎಪ್ಪತ್ತು ವರ್ಷದಿಂದ ಹೂವಿಟ್ಟದ್ದು ಯಾರ ಗೋರಿಗೆ? ಐವಾ ಎಲ್ಲಿದ್ದಾಳೆ? ಇನ್ನಾರು ದಿನಕ್ಕೆ ಹೆಸರು ಕೆತ್ತಿದ ಕಲ್ಲನ್ನು ಎಲ್ಲಿ ನಿಲ್ಲಿಸುವುದು? ಕೊಟ್ಟಿಗೆಯಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಅವಳು ಕುಳಿತುಬಿಟ್ಟಳು.

"ಇವತ್ತು ಸಂಜೆ ಬಾ," ಎಂದ ಆರ್ವೆಲ್. "ಮೊದಲು ಆ ಹೂ ಹೇಗಿರತ್ತೆ ಅಂತ ಕಣ್ಣಲ್ಲಿ ನೋಡು. ಗುರುತು ಸಿಕ್ಕಿದ್ರೆ ತಾನೆ ಹುಡುಕೋದು? ಹಾಲು ಕರೆಯೋ ಹೊತ್ತಿಗೆ ಬಾ, ಗುಡ್ಡ ಹತ್ತೋಣ."

ಹಾಲು ಕರೆಯುವ ಹೊತ್ತು ಎಂಬುದೇ ಡೆಲ್ಫಾಳ ಮನೆತನದ ಗ್ರಹಚಾರ. ನಲವತ್ತು ಹಸು ಕಟ್ಟಿದವರು ಸಂಜೆ ಐದೂವರೆಗೆ ಕೊಟ್ಟಿಗೆ ಹೊಕ್ಕರೆ, ಕರೆದು, ತೊಳೆದು, ಹೊರಬರುವಾಗ ಕತ್ತಲು. ಸೂರ್ಯ ಮುಳುಗುವುದನ್ನು ಅವರು ನೋಡುವುದು ಹಸುವಿನ ಹೊಟ್ಟೆಯ ಕೆಳಗಿನಿಂದ. ಅದರಲ್ಲಿ ಇವರದೇನೂ ವಿಶೇಷವಿಲ್ಲ, ಈ ಕಣಿವೆಯ ಮುಕ್ಕಾಲು ಮನೆಗಳ ಪಾಡು ಇದೇ. ಗುಡ್ಡದ ಮೇಲೆ ಸಂಜೆ ಏನು ಅರಳುತ್ತದೆ ಎಂದು ಆಡು ಕಾಯುವವರಿಗೆ ಗೊತ್ತು. ಹಸು ಸಾಕಿದವರಿಗೆ ಗೊತ್ತಿಲ್ಲ. ಈಗ ಹಸುಗಳ ಪಾರುಪತ್ಯ ಅಣ್ಣ ವರ್ಲನ್‌ನದು. ಡೆಲ್ಫಾ ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ಸಂಜೆ ಹೊತ್ತು ಗುಡ್ಡ ಹತ್ತಿದಳು, ಅದೂ ಏದುಸಿರು ಬಿಡುತ್ತ.

ಸೀಡರ್ ಮರಗಳ ನಡುವಿನಿಂದ ಹೊರಬಂದರೆ ಬಂಡೆಬಯಲು. ಮಣ್ಣು ಬೆರಳಿನಷ್ಟು ದಪ್ಪವೂ ಇಲ್ಲ, ಅದರಡಿ ಎಲ್ಲ ಬಿಳಿಗಲ್ಲು, ಹಗಲಿನ ಕಾವು ಇನ್ನೂ ಬೂಟಿನ ಅಟ್ಟೆಗೆ ತಟ್ಟುತ್ತಿತ್ತು. ಆರ್ವೆಲ್ ಒಂದು ಗಿಡದ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಅವನ ಮಂಡಿಗಳೆರಡೂ ಲಟಲಟ ಎಂದವು.

"ನೋಡು. ಕಾಂಡ ಕೆಂಪು, ನೆಲಕ್ಕೆ ಒರಗಿದೆ. ಎಲೆ ಸವರು."

ಸವರಿದಳು. ಉದ್ದನೆಯ ಎಲೆ, ಮೇಲೆ ಬೆಳ್ಳಿಯ ಹೊಳಪಿನ ನುಣುಪು ತುಪ್ಪಳ.

"ಈ ಮೊಗ್ಗಿನ ಮೇಲೆ ಕೆಂಪು ಚುಕ್ಕಿ ಇದೆಯಲ್ಲ, ನಿನ್ನ ಹಗಲು ಹೂವಿಗೆ ಅದಿಲ್ಲ. ಮೊಗ್ಗಿನ ಕೆಳಗಡೆ ಅರ್ಧ ಗೇಣುದ್ದದ ದಂಟು ಇದೆಯಲ್ಲ, ಅದನ್ನ ಎಲ್ಲರೂ ತೊಟ್ಟು ಅಂದ್ಕೋತಾರೆ. ತೊಟ್ಟಲ್ಲ, ಅದು ಹೂವಿನದೇ ಕತ್ತು. ಜೇನು ಅದರ ತಳದಲ್ಲಿರತ್ತೆ."

"ಅಷ್ಟು ಆಳದಲ್ಲಿಟ್ರೆ ಯಾರು ಕುಡೀಬೇಕು?"

"ಕುಡಿಯೋನು ಬರ್ತಾನೆ, ತಾಳು. ಇದೋ ನೋಡು, ಇದೇ ಪಕ್ಕಾ ಗುರುತು." ಅವನು ಗಿಡದ ಬುಡದಿಂದ ಹೋದ ವರ್ಷದ ಒಂದು ಒಣ ಕಾಯಿಯನ್ನು ಹೆಕ್ಕಿ ಅವಳ ಅಂಗೈಯಲ್ಲಿಟ್ಟ. ಕಾಯಿ ಕಾಗದದಷ್ಟು ಹಗುರವಿತ್ತು, ನಾಲ್ಕು ಕಡೆಗೂ ಅಗಲವಾದ ರೆಕ್ಕೆ. "ಹೂವಿಲ್ಲದಾಗ್ಲೂ ಇದೊಂದು ಸಿಕ್ರೆ ಸಾಕು. ನಾಲ್ಕು ರೆಕ್ಕೆ. ಗಾಳಿ ಬಂದ್ರೆ ಬಂಡೆ ಮೇಲೆ ಉರುಳ್ಕೊಂಡು ಹೋಗತ್ತೆ. ಹಗಲು ಹೂವಿನ ಕಾಯಿ ಚಿಕ್ಕದು, ಒನಕೆ ತುದಿ ಥರ. ರಸ್ತೆ ಪಕ್ಕ ಆಳೆತ್ತರ ಬೆಳೆಯೋ ಇನ್ನೊಂದಿದೆ, ಅದೂ ಸಂಜೆ ಹೂವೇ. ಆದ್ರೆ ಅದು ಬಿಡೋದು ಜುಲೈ ಮೇಲೆ, ಅದರ ಕಾಯಿಗೂ ರೆಕ್ಕೆ ಇಲ್ಲ."

ಅಷ್ಟರಲ್ಲಿ ಡೆಲ್ಫಾಳ ಮೊಣಕಾಲಿನ ಹತ್ತಿರ ಒಂದು ಮೊಗ್ಗು ಅಲ್ಲಾಡಿತು. ಗಾಳಿ ಇರಲಿಲ್ಲ. ಮೊಗ್ಗಿನ ಪಕ್ಕದಲ್ಲೊಂದು ಸೀಳು ಬಿಟ್ಟು ಹಳದಿ ಕಂಡಿತು. ಹೊರಗಿನ ಕೆಂಪು ಸಿಪ್ಪೆ ತಟ್ಟನೆ ಹಿಂದಕ್ಕೆ ಮಡಚಿಕೊಂಡಿತು, ಒಳಗಿನ ಎಸಳುಗಳು ಸುರುಳಿ ಬಿಚ್ಚಿ ಅವಳ ಅಂಗೈಯಷ್ಟಗಲ ಹರಡಿದವು. ನಿಂಬೆಹಣ್ಣಿನ ಹಳದಿ, ನಡುವೆ ಸಣ್ಣದೊಂದು ಶಿಲುಬೆ. ಎಲ್ಲವೂ ಒಂದು ನಿಮಿಷದೊಳಗೆ, ಕಣ್ಣೆದುರೇ. ಅತ್ತ ಒಂದು, ಇತ್ತ ಎರಡು, ಆ ಬಂಡೆಯ ಮೇಲೆಲ್ಲ ದೀಪ ಹಚ್ಚುತ್ತ ಬಂದಂತೆ. ದೊಡ್ಡದೊಂದು ಪತಂಗ ಬಂದು ಗಾಳಿಯಲ್ಲೇ ನಿಂತು, ಉದ್ದನೆಯ ನಾಲಿಗೆ ಚಾಚಿ, ಆರ್ವೆಲ್ ಹೇಳಿದ ಕುಡಿಯುವವನು ತಾನೇ ಎಂದು ತೋರಿಸಿಕೊಟ್ಟಿತು.

"ಅಯ್ಯೋ," ಎಂದಳು ಡೆಲ್ಫಾ.

"ಅರವತ್ತಾರು ವರ್ಷ ಏನು ಮಾಡ್ತಿದ್ದೆ?"

"ಹಾಲು ಕರೀತಿದ್ದೆ," ಎಂದಳು.

ಖುಷಿಪಡಬೇಕೋ ಸಂಕಟಪಡಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಪಟ್ಟಳು.

ಕಲ್ಲು ಕೆತ್ತಿ ಮುಗಿಸಲು ಆರ್ವೆಲ್‌ಗೆ ಶುಕ್ರವಾರದವರೆಗೆ ಹಿಡಿಯಿತು, ಗೋರಿ ಹುಡುಕುವುದು ಶನಿವಾರಕ್ಕೆ ಉಳಿಯಿತು. ಶನಿವಾರ ಸ್ಮಶಾನ ಚೊಕ್ಕಟ ಮಾಡುವ ದಿನ. ಮರುದಿನದ ಹೂವಿಗೆ ಮುಂಚೆ ಪ್ರತಿ ಮನೆಯಿಂದಲೂ ಬಂದು ಹುಲ್ಲು ಹೊಡೆಯುತ್ತಾರೆ, ಕಲ್ಲು ತೊಳೆಯುತ್ತಾರೆ, ಕಳೆದ ವರ್ಷದ ಪ್ಲಾಸ್ಟಿಕ್ ಹೂಗಳನ್ನು ಬುಟ್ಟಿಗೆ ತುಂಬುತ್ತಾರೆ. ಒಂದು ಕಡ್ಡಿ ಎದ್ದು ನಿಲ್ಲಬಾರದು, ಹಾಗೆ ಬೋಳಿಸುತ್ತಾರೆ. ಹೊರಗಿನವರು ಕಂಡರೆ ಇದು ಗೋರಿಯೋ ಗಾಲ್ಫ್ ಆಟದ ಮೈದಾನವೋ ಎನ್ನಬೇಕು. ಜೆಲ್ಲಾಳ ಹಗಲು ಹೂವಿನ ಗಿಡವೊಂದನ್ನು ಮಾತ್ರ ಎಲ್ಲರೂ ಸುತ್ತಿ ಹೋಗುತ್ತಿದ್ದರು. ಅದನ್ನು ಕಡಿದರೆ ಮುದುಕಿ ಬಿಡುವುದಿಲ್ಲವೆಂದು ಊರಿಗೇ ಗೊತ್ತಿತ್ತು.

ನಾಲ್ಕು ಗಂಟೆಗೆ ಎಲ್ಲರೂ ಹಸುಗಳನ್ನು ಅಟ್ಟಿ ತಂದು ಹಾಲು ಕರೆಯಲು ಓಡಿದರು. ಡೆಲ್ಫಾ ಉಳಿದಳು, ಆರ್ವೆಲ್ ಉಳಿದ. ಅವನ ಪಿಕಪ್‌ನ ಹಿಂಭಾಗದಲ್ಲಿ ಹಳೆಯ ರಗ್ಗು ಸುತ್ತಿದ ಕಲ್ಲು ಮಲಗಿತ್ತು. "ಐವಾ ಫೇ. ಒಂಬತ್ತು ದಿನ." ಕೆಳಗೆ ನಾಲ್ಕೆಸಳಿನ ಹೂ, ನಡುವೆ ಶಿಲುಬೆ. ಸೋಮವಾರ ಗುಡ್ಡದಲ್ಲಿ ನೋಡಿದ್ದನ್ನೇ ಅವನು ಕೆತ್ತಿದ್ದ. ಅದರ ಪಕ್ಕದಲ್ಲಿ ಇನ್ನೇನನ್ನೂ ಕೆತ್ತಿರಲಿಲ್ಲ.

ಹೆಸರಿಲ್ಲದ ಕಲ್ಲುಗಳು ಹದಿನಾಲ್ಕು. ಇಬ್ಬರೂ ಒಂದೊಂದರ ಬುಡವನ್ನೂ ಬೆರಳಲ್ಲಿ ಕೆದಕಿ ನೋಡಿದರು. ಹುಲ್ಲು, ದಂಡೇಲಿಯನ್ ಕಳೆ, ಮತ್ತೆ ಹುಲ್ಲು. ಕೆಂಪು ಕಾಂಡ ಎಲ್ಲೂ ಇಲ್ಲ.

"ಬೋಳಿಸಿ ಬೋಳಿಸಿ ಯಾವತ್ತೋ ಸತ್ತಿರತ್ತೆ," ಎಂದಳು ಡೆಲ್ಫಾ.

"ಸುಲಭಕ್ಕೆ ಸಾಯೋ ಗಿಡ ಅಲ್ಲ ಅದು. ಬೇರು ಬಂಡೆ ಸೀಳ್ಕೊಂಡು ಹೋಗಿರತ್ತೆ. ಆ ಕಡೆ ನೋಡಿದ್ಯಾ?"

ಅವನು ತೋರಿಸಿದ್ದು ಸಾಲಿನಾಚೆ, ನೆಲ ಮುಗಿದು ಬಂಡೆ ಮೆಟ್ಟಿಲಿನಂತೆ ಇಳಿಯುವ ಅಂಚು.

"ಅಲ್ಲಿ ಬೇಡಪ್ಪ. ಅಲ್ಲಿ ಹಾವಿದೆ."

"ಯಾರು ಹೇಳಿದ್ರು?"

"ಅಪ್ಪ. ತಾಮ್ರ ಬಣ್ಣದ ತಲೆಯ ವಿಷದ ಹಾವಿನ ಬಿಲ ಅಂತ. ನಾವು ಚಿಕ್ಕವರಿದ್ದಾಗ ಆ ಕಡೆ ಕಾಲಿಟ್ರೆ ಬೆನ್ನು ಮುರೀತೀನಿ ಅಂತಿದ್ದ."

ಆರ್ವೆಲ್ ನಗಲು ಶುರುಮಾಡಿದ. "ನಂಗೂ ಅದನ್ನೇ ಹೇಳಿದ್ದ. ನಾನೂ ನಿಮ್ಮಪ್ಪನೂ ಸೇರಿ ಎಷ್ಟು ವರ್ಷ ಇಲ್ಲಿ ಹುಲ್ಲು ಹೊಡೆದ್ವಿ. ಮೆಷಿನ್ನು ಆ ಕಡೆ ತಿರುಗಿಸಿದ್ರೆ ಸಾಕು, 'ಹಾವು, ಹಾವು' ಅಂತ ಟೋಪಿ ಬೀಸ್ಕೊಂಡು ಬರ್ತಿದ್ದ. ಮೂವತ್ತು ವರ್ಷದಲ್ಲಿ ನಾನಂತೂ ಒಂದು ಹಾವಿನ ಪೊರೇನೂ ಕಾಣ್ಲಿಲ್ಲ."

ಡೆಲ್ಫಾಳೂ ನಕ್ಕಳು. ತಟ್ಟನೆ ಇಬ್ಬರ ನಗುವೂ ಒಟ್ಟಿಗೇ ನಿಂತಿತು. ಡೆಲ್ಫಾ ಮೊದಲು ಎದ್ದಳು. ಕೋಲೊಂದನ್ನು ಹಿಡಿದುಕೊಂಡಳು, ಯಾಕೆಂದರೆ ಅಪ್ಪನ ಹಾವು ಸುಳ್ಳೇ ಇರಬಹುದು, ದೇವರ ಹಾವು ನಿಜವಿರಬಹುದಲ್ಲ.

ಅಮ್ಮ ಹೂವಿಡುತ್ತಿದ್ದ ಕಲ್ಲಿನಿಂದ ಹನ್ನೊಂದು ಹೆಜ್ಜೆ. ಅಂಚಿನ ಮೊದಲ ಮೆಟ್ಟಿಲ ಕೆಳಗೆ, ಮೇಲೆ ನಿಂತವರಿಗೆ ಕಾಣದಂತೆ, ಮೊಣಕಾಲೆತ್ತರದ ಹೊಳೆ ಕಲ್ಲೊಂದು ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಅದರ ಸುತ್ತ ಮುಷ್ಟಿಗಾತ್ರದ ಕಲ್ಲುಗಳನ್ನು ಒತ್ತೊತ್ತಾಗಿ ಜೋಡಿಸಿದ ಬಳೆ. ಬಳೆಯ ತುಂಬ ಕೆಂಪು ಕಾಂಡ, ಬೆಳ್ಳಿಯೆಲೆ. ಡೆಲ್ಫಾ ಬಗ್ಗಿ ಬುಡದಿಂದ ಒಂದು ಒಣ ಕಾಯಿ ಹೆಕ್ಕಿದಳು. ಎಣಿಸಬೇಕಾದ್ದೇ ಇರಲಿಲ್ಲ, ಆದರೂ ಎಣಿಸಿದಳು. ನಾಲ್ಕು ರೆಕ್ಕೆ.

ಆ ಬಳೆಯ ಕೆಲವು ಕಲ್ಲುಗಳು ಹಳೆಯವು, ಪಾಚಿ ಕಟ್ಟಿ ಕಪ್ಪಾದವು. ಕೆಲವು ಬೆಳ್ಳಗಿದ್ದವು. ಅಪ್ಪ ಬಿದ್ದ ಕಲ್ಲುಗಳನ್ನು ಬದಲಿಸುತ್ತ ಇದ್ದ. ಅಂದರೆ ಬರುತ್ತಿದ್ದ. ಅವನಿಗೆ ಗೊತ್ತಿತ್ತು. ಹೆಂಡತಿ ಹನ್ನೊಂದು ಹೆಜ್ಜೆ ಆಚೆ ಬೇರೆ ಯಾರದೋ ಗೋರಿಗೆ ಹೂವಿಡುವುದನ್ನು ಐವತ್ತು ವರ್ಷ, ಸಾಯುವವರೆಗೆ, ನೋಡುತ್ತ ನಿಂತಿದ್ದ. ಡೆಲ್ಫಾಗೆ ಅಪ್ಪನ ಮೇಲೆ ಕೆಟ್ಟ ಕೋಪ ಬಂತು. ಕೋಪದ ಬೆನ್ನಿಗೇ ಅಳು ಬಂತು. ಅವಳು ಬಂಡೆಯ ಮೇಲೆ ಕುಳಿತು ಅತ್ತಳು. ಆರ್ವೆಲ್ ತನ್ನ ಕರವಸ್ತ್ರ ಕೊಟ್ಟ. ಅದರ ತುಂಬ ಕಲ್ಲಿನ ಪುಡಿ ಇತ್ತು, ಮುಖ ಒರೆಸಿಕೊಂಡರೆ ಇನ್ನಷ್ಟು ಕೊಳೆಯಾಯಿತು.

"ಕಲ್ಲು ಎಲ್ಲಿ ನಿಲ್ಲಿಸ್ಲಿ?" ಎಂದು ಅವನು ಕೇಳಿದ. "ನೀನು ಹೇಳಿದ ಕಡೆ ನಿಲ್ಲಿಸ್ತೀನಿ, ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ. ನಿಮ್ಮಮ್ಮ ಹೂವಿಡೋ ಕಡೆನೇ ನಿಲ್ಸು ಅಂದ್ರೂ ಸರಿ."

ಹೇಳದೆ ಇದ್ದುಬಿಡಬಹುದಿತ್ತು. ತೊಂಬತ್ತು ವರ್ಷದ ಹೆಂಗಸು, ಇನ್ನೆಷ್ಟು ದಿನ, ಕಲ್ಲು ನೋಡಿ ಸಂತೋಷಪಟ್ಟುಕೊಳ್ಳಲಿ. ಆದರೆ ಹಾಗೆ ಮಾಡಿದರೆ ಯಾರದೋ ಮಗುವಿನ ಮೇಲೆ ಐವಾಳ ಹೆಸರು ನಿಲ್ಲುತ್ತದೆ, ಐವಾಳ ಮೇಲೆ ಹಾವಿನ ಹೆಸರು ಉಳಿಯುತ್ತದೆ. ಡೆಲ್ಫಾ ಯೋಚಿಸಿ ಯೋಚಿಸಿ, "ಕಲ್ಲು ಗಾಡೀಲೇ ಇರ್ಲಿ," ಎಂದಳು. ಆ ರಾತ್ರಿ ಅವಳು ನಿದ್ದೆ ಮಾಡಲಿಲ್ಲ.

ಭಾನುವಾರದ ಊಟ ಯಾವಾಗಿನಂತೆ ಭರ್ಜರಿಯಾಗಿತ್ತು. ಓಕ್ ಮರದ ಕೆಳಗಿನ ಉದ್ದನೆಯ ಹಲಗೆ ಮೇಜಿನ ತುಂಬ ಕರಿದ ಕೋಳಿ, ಮಸಾಲೆ ತುಂಬಿದ ಮೊಟ್ಟೆ, ಹಂದಿಮಾಂಸ ಹಾಕಿ ಬೇಯಿಸಿದ ಹುರುಳಿಕಾಯಿ, ಜೋಳದ ಬ್ರೆಡ್ಡು, ಒಂಬತ್ತು ಬಗೆ ಪೈ. ಜೆಲ್ಲಾ ಮಡಚುವ ಕುರ್ಚಿಯಲ್ಲಿ ರಾಣಿಯಂತೆ ಕುಳಿತು, ಬಂದುಹೋದವರಿಗೆಲ್ಲ ಕೋಲಿನ ತುದಿಯಿಂದಲೇ ಆಶೀರ್ವಾದ ಮಾಡುತ್ತಿದ್ದಳು. ಸೊಸೆಯಂದಿರ ಪೈ ರುಚಿ ನೋಡಿ ಮೂಗು ಮುರಿದಳು, ಮತ್ತೊಂದು ತುಂಡು ಹಾಕಿಸಿಕೊಂಡಳು. ಆಮೇಲೆ ಡೆಲ್ಫಾಳನ್ನು ಕರೆದಳು.

"ಕಲ್ಲು ಎಲ್ಲೇ? ಊಟಕ್ಕೆ ಮುಂಚೆ ಹೋಗಿ ನೋಡ್ಬಂದೆ, ಅಲ್ಲಿ ಕಲ್ಲೂ ಇಲ್ಲ ಮಣ್ಣೂ ಇಲ್ಲ. ಆ ಆರ್ವೆಲ್ ಮಲಗ್ಬಿಟ್ನಾ?"

ಡೆಲ್ಫಾ ತಾಯಿಯ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಕುಳಿತು ಹೇಳಿದಳು. ಹೂ ಒಯ್ದದ್ದು, ಆರ್ವೆಲ್ ಗುರುತಿಸಿದ್ದು, ಬಂಡೆಬಯಲು, ಕೆಂಪು ಕಾಂಡ, ನಾಲ್ಕು ರೆಕ್ಕೆಯ ಕಾಯಿ, ಹನ್ನೊಂದು ಹೆಜ್ಜೆ, ಕಲ್ಲಿನ ಬಳೆ, ಹಾವು. ಏನನ್ನೂ ಬಿಡಲಿಲ್ಲ. ಹೇಳುವಾಗ ತಾಯಿಯ ಮುಖ ನೋಡಲು ಧೈರ್ಯ ಸಾಲದೆ ಅವಳ ಬೂಟು ನೋಡುತ್ತಿದ್ದಳು.

ಜೆಲ್ಲಾ ಪೈ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಎಪ್ಪತ್ತು ವರ್ಷ," ಎಂದಳು. "ನನ್ನ ಕೂಸಿಗೆ ಒಂದು ಎಸಳು ಇಡಲಿಲ್ಲ ನಾನು."

"ಅಮ್ಮ..."

"ಸುಮ್ನಿರೇ. ಕರ್ಕೊಂಡ್ ಹೋಗು."

ಅಂಚಿನ ಹತ್ತಿರ ಇಳಿಯಲು ಕಷ್ಟವಾಯಿತು. ಆರ್ವೆಲ್ ಒಂದು ಕಡೆ, ವರ್ಲನ್ ಒಂದು ಕಡೆ ಹಿಡಿದು, ಕುರ್ಚಿಯನ್ನೇ ಬಂಡೆಯ ಮೆಟ್ಟಿಲ ಮೇಲೆ ಇಳಿಸಿ ಕೂರಿಸಿದರು. ಮಧ್ಯಾಹ್ನ ಎರಡು ಗಂಟೆ. ಹಿಂದಿನ ಸಂಜೆಯ ಹೂಗಳು ಬಾಡಿ ಕಿತ್ತಳೆ ಬಣ್ಣಕ್ಕೆ ತಿರುಗಿ ಜೋತಿದ್ದವು. ಮೊಗ್ಗುಗಳು ಬಿಗಿದುಕೊಂಡಿದ್ದವು.

"ಇದಾ?" ಎಂದಳು ಜೆಲ್ಲಾ. "ಇದು ಹೂವಾ? ಒಗೆದು ಹಾಕಿದ ಕಾಲುಚೀಲ ಇದ್ದ ಹಾಗಿದೆ."

"ಸಂಜೆ ಅರಳತ್ತೆ ಅಮ್ಮ," ಎಂದ ಆರ್ವೆಲ್. "ಹಾಲು ಕರೆಯೋ ಹೊತ್ತಿಗೆ."

"ಹಾಗಾದ್ರೆ ಕಾಯ್ತೀನಿ."

ವರ್ಲನ್ ಗಡಿಯಾರ ನೋಡಿದ. "ಅಮ್ಮ, ನಾನು ನಾಲ್ಕಕ್ಕೆ ಹೊರಡಬೇಕು. ಹಸುಗಳು..."

"ಹೋಗಪ್ಪ. ನಿನ್ನ ಹಸುಗಳಿಗೆ ನನ್ನ ಆಶೀರ್ವಾದ ಹೇಳು. ನಾನು ಎಪ್ಪತ್ತು ವರ್ಷ ಆ ಹಸುಗಳಿಗೋಸ್ಕರ ನಾಲ್ಕಕ್ಕೆ ಹೊರಟೆ. ಇವತ್ತು ಹೊರಡಲ್ಲ."

ಎಲ್ಲರೂ ಹೋದರು. ಮೇಜು ಖಾಲಿಯಾಯಿತು, ಗಾಡಿಗಳ ಸದ್ದು ಕಣಿವೆಗೆ ಇಳಿಯಿತು. ಆರ್ವೆಲ್ ಗಾಡಿಯಿಂದ ಕಲ್ಲು ಇಳಿಸಿ, ಕೇಳದೆಯೇ ಆ ಬಳೆಯ ಹೊರಗೆ ತಲೆಯ ಕಡೆ ಗುಂಡಿ ತೋಡತೊಡಗಿದ. ಬಂಡೆ ಸಿಕ್ಕಿ ಬೈದ, ಮುದುಕಿ ಇದ್ದಾಳೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ, ಮತ್ತೆ ಅಗೆದ. ಕಲ್ಲು ನಿಂತಾಗ ಆರೂವರೆ. ಜೆಲ್ಲಾ ಅದರ ಮೇಲಿನ ಅಕ್ಷರಗಳ ಮೇಲೆ ಬೆರಳಾಡಿಸಿ, "ಚೆನ್ನಾಗಿದೆ ಕಣೋ," ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ. ಆರ್ವೆಲ್‌ನ ಕಿವಿ ಕೆಂಪಾಯಿತು.

"ಆ ಕಡೆಯದರದ್ದು ಏನು ಮಾಡೋದಮ್ಮ?" ಎಂದು ಡೆಲ್ಫಾ ಮೆಲ್ಲಗೆ ಕೇಳಿದಳು. ಅಲ್ಲಿ, ಹಗಲು ಹೂವಿನ ಬುಡದಲ್ಲಿ, ಬೆಳಿಗ್ಗೆ ಇಟ್ಟ ಪಿಯೊನಿ ಜಾಡಿ ಹಾಗೇ ಇತ್ತು.

"ಏನು ಮಾಡೋದು ಅಂದ್ರೆ?"

"ಯಾರದೋ ಮಗು ತಾನೆ."

"ಯಾರದೋ ಹೇಗಾಗತ್ತೆ? ಎಪ್ಪತ್ತು ವರ್ಷ ನನ್ನ ಕೈಯಿಂದ ಹೂ ಇಸ್ಕೊಂಡಿದೆ. ನನ್ನ ಕಣ್ಣೀರೆಲ್ಲ ಅದರ ಮೇಲೇ ಬಿದ್ದಿದೆ. ನಿಮ್ಮೆಲ್ಲರ ಸುದ್ದಿ, ಯಾರ ಮದುವೆ, ಯಾರ ಹೆರಿಗೆ, ಎಲ್ಲ ಅದಕ್ಕೇ ಹೇಳಿರೋದು. ಅದರ ಹೆತ್ತೋಳು ಹೂ ನೆಟ್ಟು ಎಲ್ಲಿಗೆ ಹೋದಳೋ, ಸತ್ತಳೋ. ಈಗ ಪರರದು ಅಂತ ಬಿಡೋಕಾಗತ್ತಾ? ಮುಂದಿನ ವರ್ಷದಿಂದ ಎರಡು ಜಾಡಿ. ನಾನಿಲ್ದಿದ್ರೆ ನೀನು ತಾ." ಮುಂದಿನ ವರ್ಷದ ಮಾತು ತಾನೇ ಆಡಿದೆನೆಂಬುದು ಅವಳ ಗಮನಕ್ಕೆ ಬರಲಿಲ್ಲ. ಡೆಲ್ಫಾ ನೆನಪಿಸಲೂ ಇಲ್ಲ.

ಬಿಸಿಲು ಓರೆಯಾಯಿತು. ಮೊದಲ ಮೊಗ್ಗು ಅಲ್ಲಾಡಿದಾಗ ಜೆಲ್ಲಾ ಮುಂದಕ್ಕೆ ಬಾಗಿದಳು. ಸೀಳು ಬಿಟ್ಟಿತು, ಸಿಪ್ಪೆ ಹಿಂದಕ್ಕೆ ಮಡಚಿತು, ಹಳದಿ ಹರಡಿತು. ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಮುದುಕಿ ಉಸಿರು ಬಿಡುವುದನ್ನೂ ಮರೆತು ನೋಡಿದಳು. ಕಲ್ಲಿನ ಬಳೆ ತುಂಬಿದಾಗ ಹನ್ನೆರಡು ಹೂಗಳಿದ್ದವು.

"ದಿನಾ ಹೀಗೇ ಬಿಡತ್ತಾ?"

"ಮೇ ಇಂದ ಆಗಸ್ಟ್‌ವರೆಗೆ, ದಿನಾ ಸಂಜೆ," ಎಂದ ಆರ್ವೆಲ್.

"ಹಾಗಾದ್ರೆ ನನ್ನ ಕೂಸಿಗೆ ಹೂ ತಪ್ಪಿಲ್ಲ," ಎಂದಳು ಜೆಲ್ಲಾ. ಅವಳ ಕೆನ್ನೆ ಒದ್ದೆಯಾಗಿತ್ತು, ಮುಖದಲ್ಲಿ ನಗುವಿತ್ತು. "ನಾನು ವರ್ಷಕ್ಕೊಂದು ಸಲ ಜಾಡಿ ಹೊತ್ಕೊಂಡು ಬಂದು ದೊಡ್ಡಸ್ತಿಕೆ ಮಾಡ್ತಿದ್ದೆ. ಆ ಮನುಷ್ಯ ದಿನಾ ಇಡ್ತಿದ್ದ."

ಡೆಲ್ಫಾಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಯಾಕಮ್ಮ ಹೇಳಲಿಲ್ಲ? ಅವನಿಗೆ ಗೊತ್ತಿತ್ತು. ನೀನು ಪ್ರತಿ ವರ್ಷ ತಪ್ಪು ಜಾಗದಲ್ಲಿ ಮಂಡಿಯೂರೋದನ್ನ ನೋಡ್ತಾ ನಿಂತಿದ್ದ. ಹನ್ನೊಂದು ಹೆಜ್ಜೆ. ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

ಜೆಲ್ಲಾ ಹೂಗಳನ್ನೇ ನೋಡುತ್ತಿದ್ದಳು.

"ಹೇಳೋಕೆ ಬಂದ," ಎಂದಳು. "ಆ ಮೊದಲನೇ ವರ್ಷ. ನಾನು ಆ ಹಗಲು ಹೂವಿನ ಮುಂದೆ ಕೂತು ಅಳ್ತಿದ್ದೆ. ಮಗು ಹೋದ ಮೇಲೆ ಅವತ್ತೇ ನಂಗೆ ಅಳು ಬಂದಿದ್ದು, ಏಳು ತಿಂಗಳು ಕಲ್ಲಿನ ಹಾಗಿದ್ದೆ. ಅವನು ಹಿಂದೆ ಬಂದು ಟೋಪಿ ಕೈಯಲ್ಲಿ ಹಿಡ್ಕೊಂಡು ನಿಂತ. 'ಜೆಲ್ಲಾ' ಅಂದ. ನಾನು ತಿರುಗಿ ನೋಡದೆ ಅಂದೆ, 'ಹರ್ಷೆಲ್, ಈ ಜಾಗದ ಬಗ್ಗೆ ಯಾವತ್ತೂ ಏನೂ ಮಾತಾಡ್ಬೇಡ'."

ಪತಂಗವೊಂದು ಬಂದು ಕಲ್ಲಿನ ಬಳೆಯ ಮೇಲೆ ಹಾರಾಡತೊಡಗಿತು. ಜೆಲ್ಲಾ ಕೋಲನ್ನು ಮಡಿಲಿನ ಮೇಲೆ ಅಡ್ಡ ಇಟ್ಟುಕೊಂಡಳು.

"ಐವತ್ತೆರಡು ವರ್ಷ ಸಂಸಾರ ಮಾಡಿದೆ ಅವನ ಜೊತೆ. ಬೂಟು ಹೊರಗೆ ಬಿಡು ಅಂದ್ರೆ ಕೇಳ್ಲಿಲ್ಲ, ತಂಬಾಕು ಬಿಡು ಅಂದ್ರೆ ಕೇಳ್ಲಿಲ್ಲ, ಆ ಹಾಳು ಹೋರಿ ಮಾರು ಅಂದ್ರೆ ಕೇಳ್ಲಿಲ್ಲ. ನಾನು ಹೇಳಿದ್ದನ್ನ ಆ ಮನುಷ್ಯ ಕೇಳಿದ್ದು ಅದೊಂದೇ ಮಾತು ಕಣೇ."